ಹಿಡಿದ ಮೀನು, ಬಿಟ್ಟ ಮೀನು

ಸಸ್ಕ್ವೆಹಾನಾ ನದಿಯನ್ನು ಇಲ್ಲಿನವರು ‘ಒಂದು ಮೈಲಿ ಅಗಲ, ಒಂದು ಅಡಿ ಆಳ’ ಎಂದು ಆಡಿಕೊಳ್ಳುತ್ತಾರೆ. ಬೇಸಿಗೆ ಮುಗಿಯುತ್ತ ಬಂದಾಗ ಪೆನ್ಸಿಲ್ವೇನಿಯಾದ ರಾಜಧಾನಿ ಹ್ಯಾರಿಸ್‌ಬರ್ಗಿನ ಯಾವುದೇ ಸೇತುವೆಯ ಮೇಲಿಂದ ಬಗ್ಗಿ ನೋಡಿ, ಉತ್ಪ್ರೇಕ್ಷೆ ಬಹಳವೇನಿಲ್ಲ ಅನ್ನಿಸುತ್ತದೆ. ಎಲ್ಲಿ ನೋಡಿದರೂ ಬಂಡೆಗಳ ಬೆನ್ನು, ಹುಲ್ಲು ಬೆಳೆದ ನಡುಗಡ್ಡೆ, ಮೊಣಕಾಲುದ್ದ ನೀರಿನಲ್ಲಿ ಧ್ಯಾನಕ್ಕೆ ನಿಂತ ಬಕಗಳು. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನ ಸರೋವರದಲ್ಲಿ ಹುಟ್ಟಿ 444 ಮೈಲಿ ಹರಿದು ಚೆಸಪೀಕ್ ಕೊಲ್ಲಿ ಸೇರುವ ಈ ನದಿ ಅಮೆರಿಕದ ಪೂರ್ವ ಕರಾವಳಿಯಲ್ಲೇ ಅತಿ ಉದ್ದದ್ದು. ಇಷ್ಟು ದೊಡ್ಡ ಹೆಸರಿದ್ದರೂ ದೊಡ್ಡ ಹಡಗುಗಳನ್ನು ಎಂದೂ ಹತ್ತಿರ ಸೇರಿಸಿದ್ದಲ್ಲ. ಅಪಲೇಷಿಯನ್ ಬೆಟ್ಟಸಾಲುಗಳು ಇಲ್ಲಿ ಒಂದರ ಹಿಂದೆ ಒಂದು ಅಡ್ಡ ಮಲಗಿವೆ. ನದಿ ಅವನ್ನೆಲ್ಲ ಕೊಯ್ದುಕೊಂಡು ದಕ್ಷಿಣಕ್ಕೆ ಇಳಿಯುತ್ತದೆ. ಈ ದಡದಲ್ಲಿ ನಿಂತ ಬೆಟ್ಟ ಆ ದಡದಲ್ಲಿ ಮತ್ತೆ ಏಳುತ್ತದೆ; ನಡುವೆ ನೀರಿನಡಿ ಅದರ ಬುಡ ಹಾಗೆಯೇ ಉಳಿದಿದೆ. ಆ ಬುಡಗಳೇ ದೋಣಿಯ ತಳ ಕೆರೆಯುವ ಬಂಡೆಸಾಲುಗಳು. ಹಡಗಿನವರಿಗೆ ಶಾಪವಾದದ್ದು ಬಾಸ್ ಮೀನಿಗೆ ವರವಾಯಿತು.

ಬಾಸ್ ಅಂದರೆ ಇಲ್ಲಿ ಸ್ಮಾಲ್‌ಮೌತ್ ಬಾಸ್. ಇದರ ದಾಯಾದಿ ಲಾರ್ಜ್‌ಮೌತ್ ಬಾಸ್ ಕೆರೆಕುಂಟೆಗಳ ನಿಂತ ನೀರಿನಲ್ಲಿ, ಕಳೆಯ ನೆರಳಿನಲ್ಲಿ ಹೊಂಚು ಹಾಕುವ ಸೋಮಾರಿ. ಸ್ಮಾಲ್‌ಮೌತಿಗೆ ಹರಿಯುವ ನೀರು ಬೇಕು, ಬಂಡೆ ಬೇಕು, ಬಂಡೆಯ ಕೆಳಗೆ ಕ್ರೇಫಿಶ್ ಎಂಬ ಕೊಂಡಿಯುಳ್ಳ ಸಿಹಿನೀರಿನ ಸೀಗಡಿ ಬೇಕು. ಕಂಚಿನ ಮೈ, ಅದರ ಮೇಲೆ ಕಪ್ಪು ಪಟ್ಟೆ, ಕೆಂಪು ಕಣ್ಣು. ಹೆಸರಿನಲ್ಲಿ ಸಣ್ಣ ಬಾಯಿ ಇದ್ದರೂ ಬಾಯೇನೂ ಸಣ್ಣದಲ್ಲ. ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುವುದಿಲ್ಲ, ಅಷ್ಟೆ. ಟ್ರೌಟ್ ಮತ್ತು ಸಾಲ್ಮನ್ ಹಿಡಿಯುವ ದೊಡ್ಡಮನುಷ್ಯರ ಪಂಕ್ತಿಯಲ್ಲಿ ಒಂದು ಕಾಲಕ್ಕೆ ಬಾಸಿಗೆ ಎಲೆಯೇ ಹಾಕುತ್ತಿರಲಿಲ್ಲ. ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ 1881ರಲ್ಲಿ ಬಾಸ್ ಬಗ್ಗೆಯೇ ಒಂದು ಪುಸ್ತಕ ಬರೆದು, ತೂಕಕ್ಕೆ ತೂಕ ಇಟ್ಟರೆ ಇದಕ್ಕಿಂತ ಕಾದಾಡುವ ಮೀನು ಇನ್ನೊಂದಿಲ್ಲ ಎಂದು ವಾದಿಸಿದ ಮೇಲೆ ಎಲೆ ಬಿತ್ತು. ಗಾಳದ ಇನ್ನೊಂದು ತುದಿಯಲ್ಲಿ ಇದನ್ನು ಒಮ್ಮೆ ಅನುಭವಿಸಿದವರು ಹೆನ್‌ಶಾಲನ ಜೊತೆ ವಾದಕ್ಕೆ ಇಳಿಯುವುದಿಲ್ಲ.

ನನ್ನ ಗೆಳೆಯ ಬೆಳ್ತಂಗಡಿ ಕಡೆಯವನು. ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಕೆಲಸಕ್ಕೆಂದು ಈ ಊರಿಗೆ ಬಂದ ನಮ್ಮವರು ಬಹಳ ಮಂದಿ. ಆ ಗುಂಪಿನಲ್ಲಿ ನಾವಿಬ್ಬರೂ ಸೇರಿದ್ದೇವೆ. ಅವನಿಗೆ ಮೀನಿಲ್ಲದ ಊಟ ಊಟವಲ್ಲ. ನಾನು ಶೃಂಗೇರಿ ಕಡೆಯ ಶುದ್ಧ ಸಸ್ಯಾಹಾರಿ. ನನ್ನ ಬಾಲ್ಯದ ಮೀನೆಂದರೆ ತುಂಗೆಯ ಮೆಟ್ಟಿಲ ಬಳಿ ಬಾಯಿ ತೆರೆದು ಬರುವ ದೇವರ ಮೀನು. ನಮ್ಮ ಕೆಲಸ ಪೊಟ್ಟಣ ಬಿಚ್ಚಿ ಮಂಡಕ್ಕಿ ಎರಚುವುದು. ಅಂಥವನು ಗಾಳ ಹಿಡಿದದ್ದು ಹೇಗೆ ಎಂದು ಕೇಳುವವರಿಗೆ ನಾನು ತೇಜಸ್ವಿಯವರ ಕಡೆ ಕೈ ತೋರಿಸುತ್ತೇನೆ. ಮೂಡಿಗೆರೆಯಲ್ಲಿ ಕೂತು ಅವರು ಗಾಳ ಹಾಕಿದ್ದನ್ನು ಓದಿದ ನನ್ನ ತಲೆಮಾರಿನ ಎಷ್ಟೋ ಹುಡುಗರು ತಿನ್ನುವ ಆಸೆಯಿಲ್ಲದೆಯೇ ಮೀನಿನ ಹುಚ್ಚು ಹತ್ತಿಸಿಕೊಂಡರು. ಊರಲ್ಲಿದ್ದಾಗ ಧೈರ್ಯವಾಗಲಿಲ್ಲ. ಇಲ್ಲಿ ಹೇಳುವವರು ಕೇಳುವವರು ಯಾರು?

ಆಗಸ್ಟಿನ ಒಂದು ಶನಿವಾರ. ನದಿಯಲ್ಲಿ ತೇಲಿಕೊಂಡು ಮೀನು ಹಿಡಿಯುವವರಿಗೆ ಒಂದು ತಾಪತ್ರಯವಿದೆ: ದೋಣಿ ಕೆಳಕ್ಕೆ ಹೋಗುತ್ತದೆ, ಕಾರು ಮೇಲೆಯೇ ಉಳಿಯುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಅವನ ಕಾರನ್ನು ಹ್ಯಾರಿಸ್‌ಬರ್ಗಿನ ಉತ್ತರಕ್ಕಿರುವ ಫೋರ್ಟ್ ಹಂಟರ್‌ನ ದೋಣಿಕಟ್ಟೆಯಲ್ಲಿ ಬಿಟ್ಟು, ನನ್ನ ಕಾರಿನ ನೆತ್ತಿಗೆ ದೋಣಿ ಕಟ್ಟಿ ಡಂಕ್ಯಾನನ್ ಕಡೆಗೆ ಹೊರಟೆವು. ಜುನಿಯಾಟಾ ನದಿ ಬಂದು ಸಸ್ಕ್ವೆಹಾನಾಕ್ಕೆ ಸೇರುವ ಸಂಗಮ ಅದು. ನಮ್ಮಲ್ಲಾದರೆ ಅಲ್ಲೊಂದು ದೇವಸ್ಥಾನ, ನಾಲ್ಕು ಹಣ್ಣುಕಾಯಿ ಅಂಗಡಿ, ಪಿಂಡ ಬಿಡುವವರ ಸಾಲು ಇರುತ್ತಿತ್ತು. ಇಲ್ಲಿ ಲಾರಿಗಳು ಗುಡುಗುವ ಹೆದ್ದಾರಿ ಸೇತುವೆ ಇದೆ. ಅದರ ಅಂಚಿನಲ್ಲೇ ಅಪಲೇಷಿಯನ್ ಕಾಲುದಾರಿಯ ಚಾರಣಿಗರು ಬೆನ್ನಿಗೆ ಮೂಟೆ ಹೊತ್ತು ನದಿ ದಾಟುತ್ತಾರೆ.

ಒಂದೇ ದೋಣಿಯಲ್ಲಿ ಇಬ್ಬರು ಮೀನು ಹಿಡಿಯುವುದು ಗೆಳೆತನದ ಪರೀಕ್ಷೆ. ಹಿಂದೆ ಕೂತವನು ಹುಟ್ಟು ಹಾಕಿ ದಿಕ್ಕು ನೋಡಬೇಕು, ಮುಂದೆ ಕೂತವನಿಗೆ ಒಳ್ಳೆಯ ನೀರೆಲ್ಲ ಮೊದಲು ಸಿಗುತ್ತದೆ. ಆದ್ದರಿಂದ ಹಿಂದಿನವನಿಗೆ ಯಾವಾಗಲೂ ಅನ್ಯಾಯವಾಗಿದೆ ಎಂಬ ಭಾವ. ಮುಂದಿನವನಿಗೆ ದೋಣಿ ಸರಿಯಾಗಿ ನಿಲ್ಲಿಸಲಿಲ್ಲ ಎಂಬ ದೂರು. ಮಧ್ಯಾಹ್ನ ಜಾಗ ಬದಲಾಯಿಸಿಕೊಳ್ಳುವುದು ಒಪ್ಪಂದ. ಹೊಳೆಯ ಬದಿಯಲ್ಲೇ ಬೆಳೆದ ಅವನು ಬೆಳಿಗ್ಗೆ ಹಿಂದೆ ಕೂತ.

“ನೋಡು, ಒಂದು ವಿಷಯ ಮೊದಲೇ ಹೇಳ್ತೇನೆ” ಅಂದ. “ದೊಡ್ಡದು ಸಿಕ್ಕಿದ್ರೆ ನೀನು ಆಚೆ ಮುಖ ಮಾಡಿ ಕೂತ್ಕೊ. ಉಳಿದದ್ದು ನಾನು ನೋಡಿಕೊಳ್ತೇನೆ.”

“ಲೈಸೆನ್ಸ್ ಹೋಗ್ತದೆ ಮಾರಾಯ. ದಂಡ ಬೇರೆ.”

“ಹಿಡಿದು ಬಿಡ್ಲಿಕ್ಕೆ ಅಂತ ಇಷ್ಟು ಬೆಳಿಗ್ಗೆ ಎದ್ದು ಬರುವುದಾ? ಎಂಥ ಕರ್ಮ ಇದು!”

ಅವನ ಸಂಕಟಕ್ಕೆ ಕಾರಣವಿದೆ. ನಾವು ತೇಲುತ್ತಿದ್ದ ನೀರಿನಲ್ಲಿ ಬಾಸ್ ಹಿಡಿದರೆ ಆ ಕ್ಷಣವೇ ಬಿಡಬೇಕು. ಇದು 2011ರಿಂದ ಬಂದ ಕಟ್ಟಳೆ. ಕೆಲವು ವರ್ಷ ಮೇ ಮೊದಲಿನಿಂದ ಜೂನ್ ಮಧ್ಯದವರೆಗೆ ಬಾಸಿಗೆಂದು ಗಾಳ ಹಾಕುವಂತೆಯೂ ಇರಲಿಲ್ಲ. ಅದು ಬಾಣಂತನದ ಕಾಲ. ಈ ಮೀನಿನಲ್ಲಿ ಬಾಣಂತನ ಗಂಡಿನದು. ವಸಂತದಲ್ಲಿ ನೀರು ಸ್ವಲ್ಪ ಬೆಚ್ಚಗಾಗುತ್ತಲೇ ಗಂಡು ಬಾಲದಿಂದ ಜಲ್ಲಿ ಗುಡಿಸಿ ತಗ್ಗು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ. ಆಮೇಲೆ ಮೊಟ್ಟೆಗೆ ರೆಕ್ಕೆಯಿಂದ ನೀರು ಬೀಸುವುದು, ಕಳ್ಳಮೀನುಗಳನ್ನು ಓಡಿಸುವುದು, ಮರಿಗಳು ಚದುರುವವರೆಗೆ ಕಾಯುವುದು ಎಲ್ಲ ಗಂಡಿನ ಪಾಲು. ಆ ಹೊತ್ತಿನಲ್ಲಿ ಅದನ್ನು ಹಿಡಿದು, ಫೋಟೋ ತೆಗೆದು, ತಲೆ ಸವರಿ ಬಿಡುವಷ್ಟರಲ್ಲಿ ಸನ್‌ಫಿಶ್‌ಗಳು ಗೂಡು ಖಾಲಿ ಮಾಡಿರುತ್ತವೆ. “ನಮ್ಮ ಕಂಪನಿಯಲ್ಲಿ ನನಗೆ ಇಷ್ಟು ರಜೆ ಕೊಡಲಿಲ್ಲ” ಎಂದ ಎರಡು ಮಕ್ಕಳ ತಂದೆ.

ಬೆಳಗಿನ ತಂಪಿನಲ್ಲಿ ಬಾಸ್ ಮೇಲುನೀರಿಗೆ ಬರುತ್ತದೆ. ಆಗ ಹಾಕುವುದು ಪಾಪರ್: ತೇಲುವ ಹುಸಿಮೀನು, ಬಾಯಿ ಟೊಳ್ಳು. ದಾರವನ್ನು ಸಣ್ಣಗೆ ಜಗ್ಗಿದರೆ ‘ಗುಳುಕ್’ ಅನ್ನುತ್ತದೆ. ಜಗ್ಗಬೇಕು, ನಿಲ್ಲಿಸಬೇಕು, ನಿಲ್ಲಿಸುವುದೇ ಮುಖ್ಯ. ನೀರಿನ ಉಂಗುರಗಳು ಮಾಯವಾಗುವವರೆಗೆ ಕೈ ಕಟ್ಟಿ ಕೂರುವುದು ಹೊಸಬರಿಂದ ಆಗದ ಕೆಲಸ. ಬಂಡೆಸಾಲಿನ ಕೆಳಬದಿಯಲ್ಲಿ, ಓಡುವ ನೀರೂ ನಿಂತ ನೀರೂ ಸಂಧಿಸುವ ಗೆರೆಯ ಮೇಲೆ ಪಾಪರ್ ಬಿತ್ತು. ಗುಳುಕ್. ಉಂಗುರ ಹರಡಿತು, ಅಳಿಯಿತು. ಇನ್ನೊಮ್ಮೆ ಜಗ್ಗೋಣ ಅನ್ನುವಷ್ಟರಲ್ಲಿ ಆ ಜಾಗದ ನೀರೇ ಒಡೆಯಿತು.

ಬಾಸ್ ಕಚ್ಚಿದ ಮೇಲೆ ಆಳಕ್ಕೆ ಹೋಗುವ ಮೀನಲ್ಲ, ಆಳವಿದ್ದರೆ ತಾನೆ! ಮೇಲಕ್ಕೆ ಹಾರುತ್ತದೆ. ಪೂರ್ತಿ ಮೈ ಗಾಳಿಯಲ್ಲಿ, ಬಾಯಿ ಅಗಲ, ತಲೆ ಎಡಕ್ಕೆ ಬಲಕ್ಕೆ. ಆ ಕೊಡವಿಗೆ ಗಾಳ ಕಳಚಿ ನಮ್ಮ ಮುಖಕ್ಕೇ ಹಾರಿ ಬರುವುದುಂಟು. ಹಾರಿ ಬಿದ್ದದ್ದು ಪ್ರವಾಹದ ಕಡೆಗೆ ಮೈ ತಿರುಗಿಸಿತು. ಈಗ ನಾನು ಜಗ್ಗುತ್ತಿರುವುದು ಮೀನನ್ನು ಮಾತ್ರವಲ್ಲ, ನದಿಯನ್ನೂ. ರೀಲು ಕಿರುಗುಟ್ಟಿತು, ದೋಣಿ ಅರ್ಧ ಸುತ್ತು ತಿರುಗಿತು, ಹಿಂದಿನಿಂದ ಬರುತ್ತಿದ್ದ ಸಲಹೆಗಳು ತುಳುವಿಗೆ ಬದಲಾದವು. ಕೊನೆಗೆ ದೋಣಿಯ ಬದಿಗೆ ಬಂದಾಗ ಕೈ ಒದ್ದೆ ಮಾಡಿಕೊಂಡು, ಹೆಬ್ಬೆರಳನ್ನು ಕೆಳದವಡೆಯೊಳಗೆ ಇಟ್ಟು ಎತ್ತಿದೆ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಮೀನಿಗೆ ರೋಗ ಹತ್ತುತ್ತದೆ. ಹೆಬ್ಬೆರಳಿಗೆ ಉಪ್ಪುಕಾಗದದ ತರಿ ತಾಗಿತು. ಬಾಸಿನ ಹಲ್ಲು ಅಷ್ಟೇ. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ನದಿಯಲ್ಲಿ ಬಾಸ್ ನಿಧಾನಕ್ಕೆ ಬೆಳೆಯುತ್ತದೆ. ಒಂದಡಿ ಆಗುವುದಕ್ಕೇ ಮೂರು ನಾಲ್ಕು ವರ್ಷ ಬೇಕು. ಕೆಂಪು ಕಣ್ಣು ನನ್ನನ್ನೇ ನೋಡುತ್ತಿತ್ತು. ಅದರಲ್ಲಿ ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು ಎಂದು ನನ್ನ ಅಂದಾಜು. ನೀರಿಗೆ ಇಳಿಸಿದೆ. ಬಾಲ ಒಮ್ಮೆ ಬೀಸಿ, ನನ್ನ ಕನ್ನಡಕಕ್ಕೆ ನೀರು ಎರಚಿ ಹೋಯಿತು.

“ಹೋಯ್ತು” ಎಂದ ಗೆಳೆಯ. ಸಾವಿನ ಮನೆಯ ದನಿ. “ಕಾಯಿ ಹಾಕಿ ಸಾರು ಮಾಡಿದ್ರೆ ನಾಲ್ಕು ಜನ ಉಣ್ಣಬಹುದಿತ್ತು.”

ಅವನ ವಾದ ಸರಳ. ತಿನ್ನಲಿಕ್ಕೆ ಹಿಡಿಯುವುದು ಪ್ರಾಮಾಣಿಕ. ಆಟಕ್ಕೆ ಹಿಡಿದು ಬಿಡುವುದು ಮೀನನ್ನು ಗೇಲಿ ಮಾಡಿದಂತೆ. ಹಸಿದವನು ಕೊಂದರೆ ಮೀನಿಗೂ ಅರ್ಥವಾದೀತು, ಹೊಟ್ಟೆ ತುಂಬಿದವನು ತುಟಿಗೆ ಮುಳ್ಳು ಚುಚ್ಚಿ ಮುತ್ತಿಟ್ಟು ಕಳಿಸಿದರೆ ಏನು ಅರ್ಥ? ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಬದಲಿಗೆ ಕೇಳಿದೆ: “ನಿಮ್ಮ ಶಿಶಿಲದಲ್ಲಿ ಅಷ್ಟು ಮೀನು ಉಂಟಲ್ಲ, ಯಾವತ್ತಾದ್ರೂ ಒಂದು ಹಿಡಿದು ಸಾರು ಮಾಡಿದ್ದೀಯಾ?”

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. “ಹುಚ್ಚಾ ನಿನಗೆ? ಅದು ದೇವರದ್ದು.”

ಶಿಶಿಲ ಬೆಳ್ತಂಗಡಿ ತಾಲ್ಲೂಕಿನ ಊರು. ಕಪಿಲಾ ಹೊಳೆಯ ದಡದಲ್ಲಿ ಶಿಶಿಲೇಶ್ವರನ ದೇವಸ್ಥಾನ; ಹೊಳೆಯ ತುಂಬ ಮಹಶೀರ್. ಶೃಂಗೇರಿಯ ಮೀನಿನ ನೆಂಟರೇ. ಮೀನಿಲ್ಲದೆ ಅನ್ನ ಇಳಿಯದ ಸೀಮೆಯಲ್ಲಿ ಆ ಮೀನಿಗೆ ಒಬ್ಬರೂ ಕೈ ಹಚ್ಚುವುದಿಲ್ಲ. 1996ರಲ್ಲಿ ಯಾರೋ ದುರುಳರು ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಊರವರು ಸತ್ತ ಮೀನುಗಳಿಗೆ ಒಂದು ಸ್ಮಾರಕವನ್ನೇ ಕಟ್ಟಿದರು. ಗೆಳೆಯ ಆಗ ಹುಡುಗ. ಊರಿಗೆ ಊರೇ ಹೊಳೆ ಬದಿಯಲ್ಲಿ ನಿಂತಿತ್ತಂತೆ, ಯಾರ ಮನೆಯಲ್ಲೂ ಆ ವಾರ ಮೀನು ತಂದಿರಲಿಲ್ಲವಂತೆ. “ಬಂಗುಡೆ ಸಹ ತರಲಿಲ್ಲ” ಎಂದು ಎರಡು ಸಲ ಹೇಳಿದ.

ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ದೋಣಿ ತನ್ನಷ್ಟಕ್ಕೆ ಇಳಿಯುತ್ತಿತ್ತು.

ಈ ನದಿಗೂ ಅಂಥದೊಂದು ವರ್ಷ ಬಂದಿತ್ತು. 2005ರ ಬೇಸಿಗೆ. ಮೈಮೇಲೆ ಹುಣ್ಣೆದ್ದ ಬಾಸ್ ಮರಿಗಳು ದಡದ ಬಿಸಿನೀರಿನಲ್ಲಿ ಸಾಯತೊಡಗಿದವು. ಮರಿ ಉಳಿಯದ ಮೇಲೆ ದೊಡ್ಡ ಮೀನು ಎಲ್ಲಿಂದ ಬರಬೇಕು? ಮುಂದಿನ ವರ್ಷಗಳಲ್ಲಿ ನದಿ ಬರಿದಾಗುತ್ತ ಬಂತು. ದೂರದೂರುಗಳಿಂದ ಬರುತ್ತಿದ್ದ ಗಾಳದವರು ಬರುವುದು ಬಿಟ್ಟರು. ಶಿಶಿಲದಲ್ಲಿ ವಿಷ ಹಾಕಿದವನಿಗೆ ಒಂದು ಮುಖವಾದರೂ ಇದ್ದೀತು. ಇಲ್ಲಿ ಅದೂ ಇಲ್ಲ. ರಾಜ್ಯದ ಇಲಾಖೆಗಳು ವರ್ಷಗಟ್ಟಲೆ ಪರೀಕ್ಷೆ ಮಾಡಿ 2015ರಲ್ಲಿ ಕೊಟ್ಟ ವರದಿ ಬೆರಳು ತೋರಿಸಿದ್ದು ಒಂದು ಕಡೆ ರೋಗಾಣು ಮತ್ತು ಪರಾವಲಂಬಿಗಳತ್ತ, ಇನ್ನೊಂದು ಕಡೆ ಕಳೆನಾಶಕ ಮತ್ತು ಹಾರ್ಮೋನುಗಳ ಲೆಕ್ಕ ತಪ್ಪಿಸುವ ರಾಸಾಯನಿಕಗಳತ್ತ. ಹೊಲದಿಂದ, ಹಟ್ಟಿಯಿಂದ, ಊರ ಚರಂಡಿಯಿಂದ ಎಲ್ಲರ ಪಾಲೂ ಸ್ವಲ್ಪ ಸ್ವಲ್ಪ. ಈ ನದಿಯಲ್ಲೂ ಪಕ್ಕದ ಪೊಟೊಮ್ಯಾಕಿನಲ್ಲೂ ಗಂಡು ಬಾಸಿನ ವೃಷಣದೊಳಗೆ ಮೊಟ್ಟೆಯ ಕೋಶಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ಹಿಡಿದದ್ದನ್ನು ಬಿಡಿ ಎಂಬ ಕಟ್ಟಳೆ ಬಂದದ್ದು ಈ ಹಿನ್ನೆಲೆಯಲ್ಲಿ. ಈಚೆಗೆ ಬಾಸ್ ಚೇತರಿಸಿಕೊಂಡಿದೆ. ಆದರೆ ನನಗನ್ನಿಸುವುದು ಇಷ್ಟು: ಗಾಳದವನ ಕೈ ಕಟ್ಟಿಹಾಕುವುದು ಸುಲಭ, ಆತ ಕಣ್ಣೆದುರು ದಡದಲ್ಲೇ ನಿಂತಿರುತ್ತಾನೆ. ಗೊಬ್ಬರವೂ ಕಳೆನಾಶಕವೂ ಮಳೆನೀರಿನ ಜೊತೆ ರಾತ್ರಿ ಹೊತ್ತು ಬರುತ್ತವೆ. ಅವುಗಳ ಲೈಸೆನ್ಸ್ ಕೇಳುವವರಿಲ್ಲ. ಶಿಶಿಲದ ದೇವರಿಗೂ ಇದೇ ತೊಂದರೆ. ಅವನ ಭಯದಿಂದ ಗಾಳ ದೂರ ಉಳಿದೀತು, ವಿಷ ಉಳಿಯಲಿಲ್ಲ.

ಹನ್ನೊಂದು ಗಂಟೆಗೆ ಬಿಸಿಲು ಏರಿತು, ಪಾಪರಿಗೆ ಬೆಲೆ ಹೋಯಿತು. ಗೆಳೆಯ ಪೆಟ್ಟಿಗೆಯಿಂದ ಕ್ಲೌಸರ್ ಮಿನ್ನೋ ತೆಗೆದ. ಜಿಂಕೆಯ ಬಾಲದ ಕೂದಲು ಒಂದಿಷ್ಟು, ತಲೆಯ ಹತ್ತಿರ ಡಂಬೆಲ್ ಆಕಾರದ ಎರಡು ಸೀಸದ ಕಣ್ಣು. ಮುಳುಗಿ ಏಳುವಾಗ ಜೀವ ಬಂದಂತಿರುತ್ತದೆ. ಈ ನದಿಯದೇ ಸೃಷ್ಟಿ ಅದು: ಹ್ಯಾರಿಸ್‌ಬರ್ಗಿನ ಕೆಳಗಿನ ಮಿಡಲ್‌ಟೌನಿನ ಬಾಬ್ ಕ್ಲೌಸರ್ ಎಂಬವರು 1980ರ ದಶಕದಲ್ಲಿ ಇಲ್ಲಿನ ಬಾಸಿಗೆಂದೇ ಕಟ್ಟಿದ್ದು. ಈಗ ಜಗತ್ತಿನ ಎಲ್ಲ ನೀರುಗಳಲ್ಲೂ ಅದು ಬೀಳುತ್ತದೆ. ತ್ರೀ ಮೈಲ್ ಐಲೆಂಡ್ ಅಣುಸ್ಥಾವರ ಇರುವುದೂ ಅದೇ ಮಿಡಲ್‌ಟೌನಿನ ಬಳಿಯ ನಡುಗಡ್ಡೆಯಲ್ಲಿ. 1979ರ ಅಪಘಾತದಿಂದ ಜಗತ್ತಿಗೆ ಆ ಊರು ಗೊತ್ತಾದದ್ದು. ಗಾಳದವರನ್ನು ಕೇಳಿದರೆ ಮೊದಲು ಕ್ಲೌಸರನ ಹೆಸರು ಹೇಳುತ್ತಾರೆ.

ಡಾಫಿನ್ ಊರಿನ ಕೆಳಗೆ ನದಿ ಇಕ್ಕಟ್ಟಾಗುತ್ತದೆ, ನೀರು ಬಂಡೆಗಳ ನಡುವೆ ನುಗ್ಗುತ್ತದೆ. ಅಲ್ಲಿ ಹಳೆಯ ರೈಲು ಸೇತುವೆಯ ಒಂಟಿ ಕಲ್ಲುಕಂಬದ ಮೇಲೆ, ನಂಬಿದರೆ ನಂಬಿ, ಸ್ವಾತಂತ್ರ್ಯ ದೇವತೆ ನಿಂತಿದ್ದಾಳೆ. ನ್ಯೂಯಾರ್ಕಿನ ಮೂಲ ಪ್ರತಿಮೆಗೆ ನೂರು ತುಂಬಿದ 1986ರಲ್ಲಿ ಜೀನ್ ಸ್ಟಿಲ್ಪ್ ಎಂಬ ಇಲ್ಲಿನ ಹೋರಾಟಗಾರ ಗೆಳೆಯರನ್ನು ಕಟ್ಟಿಕೊಂಡು ಗುಟ್ಟಾಗಿ ಒಂದು ನಕಲನ್ನು ತಂದು ನಿಲ್ಲಿಸಿದ. ಮಾಡಿದ್ದು ಕಿಟಕಿಗೆ ಹಾಕುವ ಪಟ್ಟಿ ಪರದೆಗಳಿಂದ. ಬೆಳಿಗ್ಗೆ ಹೆದ್ದಾರಿಯಲ್ಲಿ ಹೋಗುವವರು ಕಣ್ಣುಜ್ಜಿಕೊಂಡರು. ಗಾಳಿಮಳೆ ಅದನ್ನು ಕೆಡವಿದಾಗ ಊರವರಿಗೆ ಬೇಸರವಾಗಿ, ಹಣ ಕೂಡಿಸಿ, 1992ರಲ್ಲಿ ಇನ್ನೂ ಗಟ್ಟಿಯಾದದ್ದನ್ನು ಹೆಲಿಕಾಪ್ಟರಿನಲ್ಲಿ ತಂದು ಇಳಿಸಿದರು. ಅವಳ ಎದುರಿಗೆ ದೋಣಿ ಎಳೆದು ಬಂಡೆಯ ಮೇಲೆ ಊಟಕ್ಕೆ ಕೂತೆವು. ನನ್ನದು ಚಿತ್ರಾನ್ನ, ಮೊಸರನ್ನ. ಅವನ ಡಬ್ಬಿ ತೆರೆಯುತ್ತಲೇ ಘಾಟು: ಬಂಗುಡೆ ಫ್ರೈ! ಇಂಡಿಯನ್ ಸ್ಟೋರಿನ ಹಿಮಗಟ್ಟಿದ ಪೊಟ್ಟಣದಿಂದ ಬಂದದ್ದು. ನದಿಯ ನಡುವೆ ಕೂತು ಸಮುದ್ರದ ಮೀನು ತಿನ್ನುವವನನ್ನು ನೋಡಿ ನಾನು ನಕ್ಕೆ. “ನಗಬೇಡ. ಈ ನದಿಯನ್ನು ನಂಬಿ ಬಂದ್ರೆ ನಿನ್ನ ಮೊಸರನ್ನವೇ ಗತಿ ಅಂತ ನನಗೆ ಗೊತ್ತಿತ್ತು.”

ಊಟದ ಮೇಲೆ ಜಾಗ ಬದಲಾಯಿಸಿಕೊಂಡೆವು. ಆಗ ನಾನು ಬಾಸ್ ಈ ನದಿಯ ಮೂಲ ನಿವಾಸಿಯೇ ಅಲ್ಲ ಎಂಬ ಸಂಗತಿ ಹೇಳಿದೆ. ಬೆಟ್ಟಗಳ ಆಚೆ, ಓಹಾಯೋ ನದಿಯ ಕಡೆಯದು ಇದರ ತವರು. 1854ರಲ್ಲಿ ವೀಲಿಂಗ್ ಊರಿನ ಜನರಲ್ ಶ್ರೈವರ್ ಎಂಬಾತ ಒಂದಿಷ್ಟು ಬಾಸ್ ಮೀನುಗಳನ್ನು ಬಾಲ್ಟಿಮೋರ್–ಓಹಾಯೋ ರೈಲಿನ ಉಗಿಯಂತ್ರದ ನೀರಿನ ತೊಟ್ಟಿಯಲ್ಲಿ ಹಾಕಿಸಿ, ಬೆಟ್ಟ ದಾಟಿಸಿ, ಮೇರಿಲ್ಯಾಂಡಿನ ಕಂಬರ್ಲೆಂಡಿನಲ್ಲಿ ಕಾಲುವೆಗೆ ಬಿಡಿಸಿದ. ಕಾಲುವೆಯಿಂದ ಪೊಟೊಮ್ಯಾಕ್. ಆ ಶತಮಾನ ಮುಗಿಯುವುದರೊಳಗೆ ಸಸ್ಕ್ವೆಹಾನಾಕ್ಕೂ ತಂದು ಬಿಟ್ಟಾಗಿತ್ತು. ಇಲ್ಲಿನ ನಿಜವಾದ ಹಳೆ ಒಕ್ಕಲು ಶ್ಯಾಡ್ ಮೀನು. ಪ್ರತಿ ವಸಂತಕ್ಕೆ ಸಮುದ್ರದಿಂದ ಏರಿ ಬಂದು ಇಲ್ಲಿ ಮೊಟ್ಟೆಯಿಡುತ್ತಿತ್ತು. ಅಣೆಕಟ್ಟುಗಳೆದ್ದವು, 1928ರಲ್ಲಿ ಕೆಳಗಡೆ ಕೊನೊವಿಂಗೊ ಅಣೆಕಟ್ಟೂ ಮುಗಿಯಿತು, ಶ್ಯಾಡಿನ ದಾರಿ ಮುಚ್ಚಿತು.

“ಅಂದ್ರೆ ಈ ಬಾಸ್ ಹೊರಗಿನದ್ದು. ಮತ್ತೆ ಇದಕ್ಕೆ ಯಾಕೆ ಇಷ್ಟು ಮರ್ಯಾದೆ?”

“ಬಂದು ನೂರೈವತ್ತು ವರ್ಷವಾಯ್ತಲ್ಲ. ಸಿಟಿಜನ್‌ಶಿಪ್ ಆಗಿದೆ.”

“ನಮ್ಮ ಗ್ರೀನ್ ಕಾರ್ಡ್ ಸಹ ಅಷ್ಟೇ ವರ್ಷ ತಗೊಳ್ತದೆ ಬಿಡು.”

ಹೊರಗಿನದಕ್ಕೆಲ್ಲ ಇಲ್ಲಿ ಒಂದೇ ಮರ್ಯಾದೆಯೇನೂ ಇಲ್ಲ. ಏಷ್ಯಾದಿಂದ ಬಂದ ಸ್ನೇಕ್‌ಹೆಡ್ ಎಂಬ ಮೀನು, ನಮ್ಮ ಕೆರೆಗಳ ಮುರ್ರೆಲ್ ಜಾತಿಯದೇ, 2002ರಲ್ಲಿ ಮೇರಿಲ್ಯಾಂಡಿನ ಒಂದು ಕೊಳದಲ್ಲಿ ಸಿಕ್ಕಾಗ ದೇಶಕ್ಕೆ ದೇಶವೇ ಬೆಚ್ಚಿಬಿದ್ದಿತ್ತು. ಈಗ ಅದು ಈ ನದಿಯ ಕೆಳಭಾಗಕ್ಕೂ ಬಂದಿದೆ. ಸಿಕ್ಕರೆ ಬಿಡಬೇಡಿ, ಕೊಲ್ಲಿ ಎನ್ನುವುದು ಇಲಾಖೆಯ ಮಾತು. ಗೆಳೆಯನ ಮುಖ ಅರಳಿತು. ಅದು ಸಿಗುವ ಜಾಗ ಇಲ್ಲಿಂದ ಎಷ್ಟು ದೂರ, ದೋಣಿ ಇಳಿಸುವ ಕಟ್ಟೆ ಎಲ್ಲಿದೆ ಎಂದೆಲ್ಲ ವಿಚಾರಿಸಿಕೊಂಡ.

ಮಧ್ಯಾಹ್ನದ ಹೊತ್ತು ಮೀನು ಕಚ್ಚುವುದಿಲ್ಲ. ಆಗ ಸುಳ್ಳು ಹೇಳಬೇಕು. ಗಾಳದವರ ಸುಳ್ಳಿಗೆ ಬಾಸ್‌ನವರೇ ಗುರುಗಳು. ಸ್ಮಾಲ್‌ಮೌತಿನ ವಿಶ್ವದಾಖಲೆ 11 ಪೌಂಡ್ 15 ಔನ್ಸ್. 1955ರಲ್ಲಿ ಡೇಲ್ ಹಾಲೋ ಎಂಬ ಜಲಾಶಯದಲ್ಲಿ ಡೇವಿಡ್ ಹೇಯ್ಸ್ ಹಿಡಿದದ್ದು. ಆ ಮೀನಿನ ಹೊಟ್ಟೆಗೆ ನಾನೇ ಲೋಹದ ತುಂಡು ತುರುಕಿ ತೂಕ ಹೆಚ್ಚಿಸಿದ್ದೆ ಎಂದು ದೋಣಿಕಟ್ಟೆಯ ಕೆಲಸಗಾರನೊಬ್ಬ ಬರೆದುಕೊಟ್ಟಿದ್ದ ಹಳೆಯ ಪ್ರಮಾಣಪತ್ರವೊಂದು ಎಷ್ಟೋ ವರ್ಷಗಳ ಮೇಲೆ ಹೊರಬಿದ್ದು, 1996ರಲ್ಲಿ ದಾಖಲೆ ರದ್ದಾಯಿತು. ಸುಳ್ಳು ಹೇಳಿದ್ದು ಮೀನು ಹಿಡಿದವನಲ್ಲ, ಪ್ರಮಾಣ ಮಾಡಿದವನೇ ಇರಬೇಕು ಎಂದು ಮತ್ತೆ ವಿಚಾರಣೆ ನಡೆದು 2005ರಲ್ಲಿ ದಾಖಲೆ ಮರಳಿ ಬಂತು. ಅರ್ಧ ಶತಮಾನ ಕಳೆದ ಮೇಲೂ ಒಂದು ಮೀನಿನ ತೂಕಕ್ಕೆ ಪಂಚಾಯ್ತಿ ಸೇರುವ ಜನ ನನಗೆ ಬಹಳ ಇಷ್ಟ.

ಸಂಜೆ ಬಿಸಿಲು ಬೆಟ್ಟದ ಹಿಂದೆ ಸರಿದಾಗ ನೀರಿನಿಂದ ಬಿಳಿ ಹುಳುಗಳು ಏಳತೊಡಗಿದವು. ಮೇಫ್ಲೈ ಜಾತಿಯ ಬಿಳಿ ನೊಣ. ಮರಿಯಾಗಿ ನದಿಯ ತಳದಲ್ಲಿ ದಿನ ಕಳೆದು, ಆಗಸ್ಟಿನ ಸಂಜೆಗಳಲ್ಲಿ ರೆಕ್ಕೆ ಪಡೆದು, ಕೂಡಿ, ಮೊಟ್ಟೆಯಿಟ್ಟು ಅದೇ ರಾತ್ರಿ ಸಾಯುತ್ತವೆ. ಮಲೆನಾಡಿನಲ್ಲಿ ಮೊದಲ ಮಳೆಯ ಸಂಜೆ ಹುತ್ತದಿಂದ ಏಳುವ ಮಳೆಹುಳಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಡುನೋಡುತ್ತ ಗಾಳಿಯೇ ಬಿಳುಪಾಯಿತು. ಇಲ್ಲಿಂದ ಕೆಳಗೆ ಕೊಲಂಬಿಯಾ ಊರಿನ ಸೇತುವೆಯ ಮೇಲೆ 2015ರ ಜೂನಿನಲ್ಲಿ ಇಂಥವೇ ಮೇಫ್ಲೈಗಳು ದೀಪಕ್ಕೆ ಮುತ್ತಿ, ಸತ್ತು, ರಾಶಿ ಬಿದ್ದು, ಮೋಟಾರ್‌ಸೈಕಲ್‌ಗಳು ಜಾರಿ, ಸೇತುವೆಯನ್ನೇ ಮುಚ್ಚಬೇಕಾಗಿತ್ತು. ಮೀನಿಗೆ ಇದು ಮದುವೆಮನೆ ಊಟ. ಸುತ್ತ ಎಲ್ಲೆಡೆ ನೀರು ‘ಪುಳಕ್ ಪುಳಕ್’ ಅನ್ನುತ್ತಿತ್ತು. ಮುಂದೆ ಕೂತಿದ್ದ ಗೆಳೆಯನ ಗಾಳಕ್ಕೆ ಆ ದಿನದ ದೊಡ್ಡ ಬಾಸ್ ಬಿದ್ದದ್ದು ಆಗಲೇ. ಹಾರಿದಾಗ ಇಬ್ಬರೂ ಕೂಗಿದೆವು. ಅವನು ಅದನ್ನು ಆಡಿಸಿದ ರೀತಿ, ದಾರ ಬಿಗಿದ ರೀತಿ, ಬಂಡೆಯ ಸಂದಿಗೆ ನುಗ್ಗದಂತೆ ತಿರುಗಿಸಿದ ರೀತಿ ನೋಡಿ, ಹಿಂದೆ ಕೂತಿದ್ದ ನಾನು ನನಗೆ ಆಗಿದ್ದ ಅನ್ಯಾಯವನ್ನೆಲ್ಲ ಮನ್ನಿಸಿದೆ.

ಒದ್ದೆ ಕೈಯಲ್ಲಿ ಎತ್ತಿ ಹಿಡಿದ. ನಾನು ಒಪ್ಪಂದದ ಪ್ರಕಾರ ಆಚೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಕೇಳಿತು.

“ಬಿಟ್ಟೆಯಾ?”

“ಹೂಂ.”

“ಯಾಕೆ?”

“ಲೈಸೆನ್ಸ್ ಹೋಗ್ತದೆ ಅಂದಿ ಅಲ್ಲ” ಎಂದ. ಕೈ ತೊಳೆದುಕೊಂಡು, ಬಿಳಿ ನೊಣಗಳನ್ನು ಮುಖದಿಂದ ಒರೆಸಿಕೊಂಡು, “ಹೊಟ್ಟೆಯಲ್ಲಿ ಎಷ್ಟು ಕಳೆನಾಶಕ ಉಂಟೋ ಏನೋ” ಎಂದೂ ಸೇರಿಸಿದ.

ಫೋರ್ಟ್ ಹಂಟರ್‌ನಲ್ಲಿ ದೋಣಿ ಮೇಲೆಳೆಯುವಾಗ ಕೆಳಗೆ ರಾಕ್‌ವಿಲ್ ಸೇತುವೆಯ ಮೇಲೆ ಗೂಡ್ಸ್ ರೈಲು ಹೋಗುತ್ತಿತ್ತು. 1902ರಲ್ಲಿ ಮುಗಿದ, 48 ಕಮಾನಿನ, ಜಗತ್ತಿನಲ್ಲೇ ಅತಿ ಉದ್ದದ ಕಲ್ಲಿನ ಕಮಾನು ರೈಲುಸೇತುವೆ. ಅದನ್ನು ದಾಟಲು ಆ ರೈಲಿಗೇ ಬಹಳ ಹೊತ್ತು ಹಿಡಿಯಿತು.

ಮಾರನೆ ದಿನ ಅಮ್ಮ ಫೋನ್ ಮಾಡಿದಾಗ ಫೋಟೋ ನೋಡಿಯಾಗಿತ್ತು. “ತಿನ್ನೋದಿಲ್ಲ ಅಂದಮೇಲೆ ಅದನ್ನ ಯಾಕೆ ಹಿಡೀತೀಯೋ?” ಎಂದಳು. ಗೆಳೆಯನ ಪ್ರಶ್ನೆಯನ್ನು ತೇಲಿಸಿದ ಹಾಗೆ ಅಮ್ಮನದನ್ನು ತೇಲಿಸುವಂತಿಲ್ಲ. ಇಲ್ಲಿ ಮೀನು ಮತ್ತು ದೋಣಿಗಳ ಆಯೋಗ ನಡೆಯುವುದು ಬಹುಮಟ್ಟಿಗೆ ಗಾಳದವರ ಲೈಸೆನ್ಸ್ ಹಣದಿಂದ. ನದಿಯ ಕಾವಲಿಗೆ, ಮೀನಿನ ಎಣಿಕೆಗೆ ಹೋಗುವುದು ಅದೇ ದುಡ್ಡು. ಅಂಗಡಿಯಲ್ಲಿ ಮಾರುವ ಗಾಳ, ರೀಲುಗಳ ಮೇಲೂ 1950ರ ಒಂದು ಕಾಯಿದೆಯಂತೆ ಶೇಕಡ 10ರ ತೆರಿಗೆಯಿದೆ, ಅದೂ ಮೀನಿನ ಕೆಲಸಕ್ಕೇ ಮೀಸಲು. ನಾವು ಹಿಡಿಯುವುದರಿಂದಲೇ ಅದನ್ನು ನೋಡಿಕೊಳ್ಳುವವರ ಸಂಬಳ ನಡೆಯುತ್ತದೆ ಎಂದು ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಅದು ತಪ್ಪುಕಾಣಿಕೆ ಅನ್ನು” ಎಂದಳು. ಈ ವಿಷಯದ ಬಗ್ಗೆ ಇದಕ್ಕಿಂತ ಒಳ್ಳೆಯ ತೀರ್ಪನ್ನು ನಾನು ಈವರೆಗೆ ಕೇಳಿಲ್ಲ.

ನೀವು ಈ ಕಡೆ ಬಂದರೆ ತಿಳಿಸಿ, ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇವೆ. ಬೇಕೆಂದರೆ ಮುಂದಿನ ಜಾಗವನ್ನೂ ಬಿಟ್ಟುಕೊಡುತ್ತೇವೆ. ಹದಿನಾರು ತುಂಬಿದವರೆಲ್ಲ ಕಾಣಿಕೆಯನ್ನು ಮೊದಲೇ ಕಟ್ಟಿ ಲೈಸೆನ್ಸ್ ತೆಗೆದುಕೊಂಡಿರಬೇಕು. ಬಂಗುಡೆ ಫ್ರೈ ಬೇಕಾದವರು ಗೆಳೆಯನಿಗೆ ಹಿಂದಿನ ದಿನವೇ ಹೇಳಿಡುವುದು ಒಳ್ಳೆಯದು.